ತೂಗದ ಒಂದು ಹಿಡಿ

ಇಂಡಿ ಪೇಟೆಯಲ್ಲಿ ದಸ್ತಗೀರಸಾಬರ ತಕ್ಕಡಿಗೆ ಎರಡು ಮಾತಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಜೋಳ, ಶೇಂಗಾ, ಕುಸುಬಿ ಏನೇ ಇರಲಿ, ಅವರ ಅಡತಿ ಅಂಗಡಿಯಲ್ಲಿ ತೂಗಿದ ಚೀಲವನ್ನು ಮತ್ತೊಬ್ಬರು ತೂಗಿ ನೋಡುತ್ತಿರಲಿಲ್ಲ. ಅಂಥವರ ಮನೆಗೆ ಅವರ ಮಗಳೇ ಒಂದು ಸಣ್ಣ ಹಿತ್ತಾಳೆ ತಕ್ಕಡಿ ತಂದಾಗ ಮಾತ್ರ ಎರಡಲ್ಲ, ಇನ್ನೂರು ಮಾತು ಎದ್ದವು.

"ಅಂಗಡ್ಯಾಗ ತಕ್ಕಡಿ ಇದ್ರ ಅನ್ನ, ಅಡಗಿಮನ್ಯಾಗ ತಕ್ಕಡಿ ಬಂದ್ರ ದರಿದ್ರ," ಎಂದು ಅಜ್ಜಿ ಅಮೀನಾಬಿ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕುಳಿತರು. "ಉಣ್ಣೂ ಹಿಟ್ಟು ತೂಗಿದ್ರ ಬರಕತ್ ಹೋಗತೈತಿ, ಇದ್ದದ್ದು ಸಾಲಂಗಿಲ್ಲ. ನಮ್ಮ ಅತ್ತಿ ತೂಗಲಿಲ್ಲ, ಅವರ ಅತ್ತಿ ತೂಗಲಿಲ್ಲ."

"ದಾದಿ, ಇದು ನಮ್ಮ ಮನಿಗಲ್ಲ. ಹಳ್ಳಿ ಮನಿಗೋಳ್ಗೆ," ಎಂದಳು ಸಾಬೀರಾ.

"ಹಂಗಾರ ಹಳ್ಳ್ಯಾಗಿನವರು ಮನಷ್ಯಾರಲ್ಲೇನು? ಅವರ ಬರಕತ್ ಹೋದ್ರ ನಡಿತೈತೇನು?"

ಬಿ.ಎ. ಓದಿದ ಹುಡುಗಿ ಹೊಸ್ತಿಲಿನಿಂದ ಹಿಂದೆ ಸರಿದಳು. ತಕ್ಕಡಿ ಪಡಸಾಲೆಯ ಗೂಟಕ್ಕೆ ನೇತುಬಿತ್ತು.

ಅದು ಅರವತ್ಮೂರನೆಯ ಇಸವಿ, ರಂಜಾನ್ ಹಬ್ಬ ಮುಗಿದ ವಾರ. ಸೇರು, ಪಾವು ಹೋಗಿ ಕಿಲೋ, ಗ್ರಾಮು ಬಂದ ಹೊಸತು. ಸಾಬೀರಾ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಅರ್ಥಶಾಸ್ತ್ರ ಓದಿದವಳು. ವಿಶ್ವವಿದ್ಯಾಲಯದವರು ಹಳ್ಳಿಯ ಮನೆಗಳಲ್ಲಿ ಯಾರು ಎಷ್ಟು ಉಣ್ಣುತ್ತಾರೆಂಬ ಸಮೀಕ್ಷೆ ತೆಗೆದಿದ್ದರು. ಅದಕ್ಕೆ ಅವಳನ್ನು ರಿಸರ್ಚ್ ಅಸಿಸ್ಟಂಟ್ ಎಂದು ತೆಗೆದುಕೊಂಡಿದ್ದರು. ಸದ್ಯಕ್ಕೆ ಪರೀಕ್ಷೆಯ ಮೇಲೆ ಇಂಡಿ, ಸಿಂದಗಿ ತಾಲೂಕುಗಳು. ಅವು ಸರಿಹೋದರೆ ನೌಕರಿ ಕಾಯಂ, ಬಸವನ ಬಾಗೇವಾಡಿ ತಾಲೂಕೂ ಅವಳದೇ. ಕೆಲಸ ಕೇಳುವುದಕ್ಕೆ ಸುಲಭ: ಹಿಟ್ಟು ನಾದುವ ಮುಂಚೆ ತೂಗಬೇಕು, ಉಣ್ಣುವ ಮುಂಚೆ ಒಬ್ಬೊಬ್ಬರ ತಾಟು ತೂಗಬೇಕು, ಉಳಿದದ್ದನ್ನು ತೂಗಬೇಕು. ಒಂದೊಂದು ಮನೆಗೆ ಒಂದೊಂದು ವಾರ.

ಅಣ್ಣ ಮಶಾಕಸಾಬ ಇದಕ್ಕೆ "ರೊಟ್ಟಿ ಎಣಸೂ ನೌಕರಿ" ಎಂದು ಹೆಸರಿಟ್ಟ. ಅಂಗಡಿಯಲ್ಲಿ ಅಪ್ಪನಿಗೆ ಕೈಯಾಸರೆಯಾಗಿದ್ದ ಇಪ್ಪತ್ತೇಳರ ಗಂಡು. ಒಂದೇ ಸಲಕ್ಕೆ ಆರು ರೊಟ್ಟಿ ಮುರಿಯುವವನು. ಎಣಿಸುವವರ ಮೇಲೆ ಅವನಿಗೆ ಸಿಟ್ಟಿದ್ದರೆ ತಪ್ಪೇನಿಲ್ಲ.

ದಸ್ತಗೀರಸಾಬರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಒಬ್ಬಳೇ ಹೋಗಬಾರದೆಂದು ಓಣಿಯ ಲಾಲಬಿ ಮುದುಕಿಯನ್ನು ಜೊತೆಗೆ ಕಟ್ಟಿ ಕಳಿಸಿದರು. ಲಾಲಬಿ ಮೋಟಾರು ಹತ್ತಿದೊಡನೆ ನಿದ್ದೆ ಹೋಗುತ್ತಿದ್ದಳು, ಊರು ಬಂದಾಗ ಎದ್ದು "ನಾ ಇದ್ದೇನಿ, ಅಂಜಬ್ಯಾಡ" ಎನ್ನುತ್ತಿದ್ದಳು.

ಹಳ್ಳಿಯವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಸಾಬೀರಾ ಜಗಳವಾದರೂ ಆಡುತ್ತಿದ್ದಳು. ಸಾಲೋಟಗಿಯಲ್ಲಿ ಕೂಡಿಸಿ ಚಾ ಕೊಟ್ಟರು, ತಕ್ಕಡಿಯನ್ನು ಮುಟ್ಟಿ ಮುಟ್ಟಿ ನೋಡಿದರು, ಹಿಟ್ಟಿನ ಡಬ್ಬಿಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿದರು. ರೊಟ್ಟಿ ಎಣಿಸಬಾರದು ಎನ್ನುವುದು ಅಮೀನಾಬಿಯೊಬ್ಬರ ಮಾತಲ್ಲ. ಲಿಂಗಾಯತರ ಮನೆಯಲ್ಲೂ ಅದೇ ಮಾತು, ಕುರುಬರ ಮನೆಯಲ್ಲೂ ಅದೇ ಮಾತು. ಒಂದು ಮನೆಯಲ್ಲಿ ಹೇಗೋ ಒಪ್ಪಿದರು. ಮರುದಿನ ಹೋದರೆ ಧಾರವಾಡದ ಬಾಯಿ ಬರುತ್ತಾಳೆಂದು ಹೋಳಿಗೆ, ಕಟ್ಟಿನ ಸಾರು ಮಾಡಿ ಕಾದಿದ್ದರು! ವರ್ಷಕ್ಕೊಮ್ಮೆ ಉಣ್ಣುವ ಹೋಳಿಗೆಯನ್ನು ತೂಗಿ ಯಾರಿಗೆ ಏನು ಹೇಳುವುದು? ಸಾಬೀರಾ ಉಂಡು ಬಂದಳು. ಲಾಲಬಿ ಎರಡು ಕಟ್ಟಿಸಿಕೊಂಡೂ ಬಂದಳು.

ಯಂಕಂಚಿಯಲ್ಲಿ ಧರೆಪ್ಪ ಎಂಬ ರೈತನ ಮನೆ. ಅವನ ಹೆಂಡತಿ ನೀಲವ್ವ ಹೊಲದಿಂದ ಆಗಷ್ಟೇ ಬಂದು, ಬುಟ್ಟಿ ಇಳಿಸಿ, ಸಾಬೀರಾಳ ಮಾತನ್ನೆಲ್ಲ ನಿಂತೇ ಕೇಳಿದಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ನಿಮ್ಮ ಮನ್ಯಾಗ ತೂಗೀಯೇನವಾ?"

ಸಾಬೀರಾಗೆ ಸುಳ್ಳು ನಾಲಿಗೆಯ ತುದಿಗೆ ಬಂತು, ಆದರೆ ಹೊರಗೆ ಬರಲಿಲ್ಲ.

"ಇಲ್ರೀ."

"ಮದಲ ಅಲ್ಲಿ ತೂಗಿ ಬಾ. ನಿಮ್ಮವ್ವನ ಗಡಗಿ ಮುಚ್ಚಿಟ್ಟು ನಮ್ಮ ಗಡಗ್ಯಾಗ ಹಣಿಕಿ ಹಾಕಿದ್ರ ಹೆಂಗ?"

ಲಾಲಬಿಯೂ "ಅಕಿ ಅಂದದ್ದು ಖರೆ ಐತಿ ನೋಡು" ಎಂದಳು. ಅವತ್ತು ಅವಳಿಗೆ ನಿದ್ದೆ ಬಂದಿರಲಿಲ್ಲ.

ಉಗಾದಿಯ ಮುಂದೆ ಪ್ರಹ್ಲಾದರಾಯರು ವಿಜಾಪುರದಿಂದ ಇಂಡಿಗೆ ಬಂದು ಪಡಸಾಲೆಯಲ್ಲಿ ಕುಳಿತರು. ಅವರು ಈ ಸಮೀಕ್ಷೆಯ ಮುಖ್ಯಸ್ಥರು, ಮಾಧ್ವರು, ಮೆಲುಮಾತಿನ ಮನುಷ್ಯ. ಸಾಬೀರಾ ಕೊಟ್ಟ ಚಹಾ ಕುಡಿದರು. ಅವರ ತಾಯಿಗೆ ತಿಳಿಯುವ ಸಂಭವ ಇರಲಿಲ್ಲ.

"ಮುದ್ದೇಬಿಹಾಳದಾಗ ಇನ್ನೊಬ್ಬ ಅಸಿಸ್ಟಂಟ್ ಗೋವಿಂದ ಮೂವತ್ತು ಮನಿ ಮುಗಿಸ್ಯಾನ. ನೀವು?"

"ಒಂದೂ ಆಗಿಲ್ಲ ಸರ್. ಆದರ ಗೋವಿಂದರಾಯರು ತೂಗಿಲ್ಲಲ್ರಿ, ಚಾವಡ್ಯಾಗ ಕುಂತು ಗಂಡಸರನ್ನ ಕೇಳಿ ಬರಕೊಂಡಾರ."

"ಬರಕೊಂಡರ ಬರಕೊಂಡಾನ. ನನ್ನ ಕೈಯಾಗ ಕಾಗದ ಬಂದದ. ನಿಮ್ಮದು ಬಂದಿಲ್ಲ." ರಾಯರು ಲೋಟ ಕೆಳಗಿಟ್ಟರು. "ಬಸವ ಜಯಂತಿ ತನಕ ನೋಡ್ತೀನಿ. ಆಗಲಿಲ್ಲಂದರ ಈ ಎರಡೂ ತಾಲೂಕು ಗೋವಿಂದಗ ಹೋಗ್ತಾವ. ಬ್ಯಾಸರ ಮಾಡಿಕೋಬ್ಯಾಡ್ರಿ, ಇದು ನಿಮ್ಮ ತಪ್ಪಲ್ಲ."

ತಪ್ಪಲ್ಲ ಎಂದು ಹೇಳಿ ಕೆಲಸ ಕಸಿದುಕೊಳ್ಳುವುದಕ್ಕಿಂತ, ತಪ್ಪು ನಿನ್ನದೇ ಎಂದು ಬೈದಿದ್ದರೆ ಚೆನ್ನಾಗಿತ್ತು. ಸಾಬೀರಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಈ ನೌಕರಿ ಹೋದರೆ ಮತ್ತೆ ಧಾರವಾಡದ ಮುಖ ನೋಡುವುದು ಕನಸಿನ ಮಾತು. ಅಪ್ಪ ಬೈಯುವವರಲ್ಲ, "ಆತು ಬಿಡು, ಮನ್ಯಾಗ ಕುಂಡ್ರು" ಎನ್ನುತ್ತಾರೆ. ಆ ಮಾತಿಗೇ ಅವಳು ಹೆದರಿದ್ದು.

ಆ ಸಂಜೆ ಊಟಕ್ಕೆ ಹಾಸಿದ ದಸ್ತರಖಾನಿನ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ನಿಂಬೆ ಉಪ್ಪಿನಕಾಯಿ. ಅಪ್ಪ, ಅಣ್ಣ, ಅಜ್ಜಿ ಕುಳಿತಿದ್ದರು. ಸಾಬೀರಾ ಓದಿದವಳೆಂದು ಅವಳಿಗೂ ಅವರ ಜೊತೆಗೇ ಜಾಗವಿತ್ತು. ತಾಯಿ ಶಮ್ಶುನ್ನೀಸಾ ಒಲೆಯಿಂದ ಬಿಸಿ ರೊಟ್ಟಿ ತಂದು ಹಾಕುತ್ತಿದ್ದಳು.

"ಅಬ್ಬಾ, ಒಂದು ವಾರ ನಮ್ಮ ಮನ್ಯಾಗ ತೂಗತೇನಿ," ಎಂದಳು ಸಾಬೀರಾ.

ಅಜ್ಜಿಯ ಕೈ ತುತ್ತಿನಲ್ಲೇ ನಿಂತಿತು. "ದಸ್ತಗೀರಾ, ನಿನ್ನ ಮಗಳಿಗೆ ಹೇಳು."

"ಏನ ಹೇಳಲೆಮ್ಮಾ? ಬಿಡಸ್ರಿ ಅಂದ್ರ ನಾಳೆನ ನೌಕರಿ ಬಿಡಸ್ತೇನಿ."

"ಹಾಂ, ಬಿಡಸು," ಎಂದ ಮಶಾಕ, ಐದನೆಯ ರೊಟ್ಟಿಗೆ ಕೈ ಹಾಕುತ್ತ. "ಮಂದಿ ನಗತಾರ. ದಸ್ತಗೀರಸಾಬರ ಮಗಳು ಊರ ತಾಟ ಇಣಿಕಿ ನೋಡ್ತಾಳ ಅಂತ."

"ನಿನ್ನ ತಾಟ ನೋಡತಾರಂತ ನಿನಗ ಅಂಜಿಕಿ!"

"ನನ್ನ ತಾಟಿನ ಸುದ್ದಿಗಿ ಬರಬ್ಯಾಡ."

"ಬಾಯಿ ಮುಚ್ಚರಿ ಇಬ್ಬರೂ," ಎಂದು ಅಜ್ಜಿ ದನಿಯೇರಿಸಿದರು. "ನಾ ಇರೂತನಕ ಈ ಮನ್ಯಾಗ ಹಿಟ್ಟು ತೂಗಂಗಿಲ್ಲ. ಮುಗೀತು."

ಮುಗಿಯಲಿಲ್ಲ. ರೊಟ್ಟಿ ತಂದಿದ್ದ ಶಮ್ಶುನ್ನೀಸಾ ರೊಟ್ಟಿ ಹಾಕದೆ ನಿಂತಿದ್ದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡದ ಹೆಂಗಸು.

"ತೂಗಲಿ ಬಿಡ್ರಿ ಅತ್ತಿ," ಎಂದಳು. ದನಿ ದೊಡ್ಡದೇನಲ್ಲ. "ನಾ ಏನ ಉಣತೇನಿ ಅಂತ ಒಮ್ಮೆರ ಯಾರಿಗೆರ ಗೊತ್ತಾಗಲಿ."

ಇಷ್ಟು ಹೇಳಿ, ಹೇಳಿದ್ದಕ್ಕೆ ತಾನೇ ಹೆದರಿದವಳಂತೆ ಒಲೆಯ ಕಡೆ ಹೋದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಮಶಾಕ ಐದಕ್ಕೇ ಎದ್ದ.

ಮರುದಿನ ಬೆಳಿಗ್ಗೆ ಅಮೀನಾಬಿ ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿ ಹಿಟ್ಟಿನ ಪರಾತ ಎಳೆದುಕೊಂಡರು. ಬಿಸ್ಮಿಲ್ಲಾ ಎಂದು ಒಂದು ಹಿಡಿ ಹಿಟ್ಟು ತೆಗೆದು ಬಟ್ಟಲಿಗೆ ಹಾಕಿ ಮೇಲೆ ತಾಟು ಮುಚ್ಚಿದರು. ಬಾಗಿಲಿಗೆ ಬರುವ ಫಕೀರನಿಗೆ ಅವರು ದಿನಾ ಹಿಡಿ ಹಿಟ್ಟು ತೆಗೆದಿಡುವುದು ಮನೆಯ ಹಳೆಯ ರೂಢಿ. ಆದರೆ ಅವತ್ತು ಆ ಬಟ್ಟಲನ್ನು ತಮ್ಮ ಮಗ್ಗುಲಲ್ಲೇ ಇಟ್ಟುಕೊಂಡು ಮೊಮ್ಮಗಳನ್ನು ಕರೆದರು.

"ತಗೊಂಬಾ ನಿನ್ನ ತಕ್ಕಡಿ. ಪರಾತದಾಗಿಂದು ತೂಗು. ಈ ಹಿಡಿ ತೂಗಬ್ಯಾಡ. ಬರಕತ್ ಇದರಾಗ ಕುಂತಿರ್ತೈತಿ."

ಸಾಬೀರಾ ಅಜ್ಜಿಯ ಕುತ್ತಿಗೆಗೆ ಬಿದ್ದಳು.

"ಸಾಕು ಸಾಕು, ಹಿಟ್ಟು ಚೆಲ್ಲತೈತಿ," ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ವಾರ ಮನೆ ನಾಟಕದ ಕಂಪನಿಯಾಯಿತು. ಮೊದಲ ದಿನ ಮಶಾಕ ಮರ್ಯಾದೆಗೆ ಮೂರೇ ರೊಟ್ಟಿ ಉಂಡು, ಮಧ್ಯಾಹ್ನ ಅಂಗಡಿಯಲ್ಲಿ ಹಸಿವಿನಿಂದ ಗಿರಾಕಿಗಳ ಮೇಲೆ ಹರಿಹಾಯ್ದ. ಮೂರನೆಯ ದಿನಕ್ಕೆ ತಕ್ಕಡಿಯನ್ನೇ ಮರೆತು ಏಳಕ್ಕೆ ಹೋದ. ದಸ್ತಗೀರಸಾಬರು ತಮ್ಮ ತಾಟು ತೂಗುವಾಗ ಮುಳ್ಳು ನೆಟ್ಟಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು, ಕಸಬು ಬಿಡುತ್ತದೆಯೇ? ಅಜ್ಜಿ ತೂಗಿದ ಮೇಲೆ ಪ್ರತಿ ತಾಟಿನ ಮೇಲೂ ಏನೋ ಓದಿ ಊದುತ್ತಿದ್ದರು.

ತೂಕಕ್ಕೆ ಸಿಗದವಳು ಒಬ್ಬಳೇ.

"ಅಮ್ಮಾ, ನಿನ್ನ ತಾಟ ತಾ."

"ನಂದು ಆಗೇತಿ."

"ಯಾವಾಗ ಆತು?"

"ಆಗಳೆ. ರೊಟ್ಟಿ ಮಾಡ್ತ ಮಾಡ್ತ ತಿಂದೆ. ಹೋಗು, ಅಬ್ಬಾಗ ನೀರ ಕೊಡು."

ಯಾರಿಗಾದರೂ ಗೊತ್ತಾಗಲಿ ಎಂದವಳು ತಾನೇ ಎಂಬುದು ಅವಳಿಗೆ ಮರೆತುಹೋಗಿತ್ತೋ ಏನೋ. ತೂಗಲಿ ಎಂದವಳು, ತೂಗುವ ಹೊತ್ತಿಗೆ ನಾಚಿಕೊಂಡಳು. ನಾಲ್ಕನೆಯ ದಿನ ಸಾಬೀರಾ ಅಡುಗೆಮನೆ ಬಿಟ್ಟು ಕದಲಲಿಲ್ಲ. ಗಂಡಸರು ಅಂಗಡಿಗೆ ಹೋದರು, ಅಜ್ಜಿ ಅಡ್ಡಾದರು. ಆಗ ಶಮ್ಶುನ್ನೀಸಾ ಗೋಡೆಗೆ ಆತು ಕುಳಿತು, ಸೀದುಹೋದದ್ದೆಂದು ಬದಿಗಿಟ್ಟ ಒಂದೂವರೆ ರೊಟ್ಟಿ ತೆಗೆದಳು. ಬೇಳೆಯ ಗಡಿಗೆಗೆ ಚೂರು ನೀರು ಹಾಕಿ ಬಳಿದು, ಅದರಲ್ಲಿ ಅದ್ದಿದಳು. ಒಂದು ಹಸಿಮೆಣಸಿನಕಾಯಿ ಕಡಿದಳು. ಸಾಬೀರಾ ತಕ್ಕಡಿ ಮುಂದೆ ಚಾಚಿದಾಗ ತಾಯಿ ಮುಖ ಆಚೆ ತಿರುಗಿಸಿದಳು, ಆದರೆ ತಾಟು ಕೊಟ್ಟಳು. ಆ ಮೇಲೆ ದಿನವೂ ಕೊಟ್ಟಳು. ಶುಕ್ರವಾರ ಮಟನ್ ಆಗಿತ್ತು. ಅವಳ ತಾಟಿನಲ್ಲಿ ರಸವಿತ್ತು, ಒಂದು ಎಲುಬಿತ್ತು.

ಸಾಬೀರಾ ಧಾರವಾಡದಲ್ಲಿ ನಾಲ್ಕು ವರ್ಷ ಅಂಕಿಸಂಖ್ಯೆ ಓದಿದ್ದಳು. ತನ್ನ ತಾಯಿ ಅದರಲ್ಲಿ ಎಲ್ಲೂ ಬಂದಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ತಾಯಿ ಹಾಕಿದ ಬಿಸಿ ರೊಟ್ಟಿ ಉಂಡವರಲ್ಲಿ ಅವಳೂ ಒಬ್ಬಳು.

ವಾರ ಮುಗಿದ ಸಂಜೆ ಅವಳು ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿ, ಒಬ್ಬೊಬ್ಬರು ಒಂದು ದಿನಕ್ಕೆ ಉಂಡ ಜೋಳದ ಹಿಟ್ಟನ್ನು ತೂಗಿ ಐದು ಗುಂಪೆ ಹಾಕಿದಳು. ಮಶಾಕನದು ಗುಡ್ಡ. ಅಪ್ಪನದು ಅದಕ್ಕೆ ತುಸು ಕಡಿಮೆ. ಹಲ್ಲಿಲ್ಲದ ಅಜ್ಜಿಯದಕ್ಕಿಂತಲೂ ಸಣ್ಣದಾಗಿ ಕೊನೆಯಲ್ಲಿ ಒಂದಿತ್ತು.

"ಇದು ಯಾರದು?" ಎಂದರು ದಸ್ತಗೀರಸಾಬರು.

"ಅಮ್ಮಂದು."

"ನಿನ್ನ ತಕ್ಕಡಿ ತಪ್ಪೈತಿ."

ಎದ್ದು ಅಂಗಡಿಗೆ ಹೋಗಿ ಸರ್ಕಾರಿ ಮುದ್ರೆಯ ತೂಕದ ಕಲ್ಲು ತಂದರು. ಒಂದೊಂದೇ ಕಲ್ಲಿಟ್ಟು ನೋಡಿದರು. ತಟ್ಟೆ ಅದಲುಬದಲು ಮಾಡಿ ನೋಡಿದರು. ತಕ್ಕಡಿ ಸರಿಯಾಗಿತ್ತು. ಆ ಮನುಷ್ಯ ತಕ್ಕಡಿಯ ಮುಂದೆ ಸೋತದ್ದು ಅದೇ ಮೊದಲು. ಆ ಸಣ್ಣ ಗುಂಪೆಯನ್ನು ಅಂಗೈಗೆ ತೆಗೆದುಕೊಂಡರು.

"ಮುಂಜಾನಿ ನೀರು, ಬೀಸೂದು, ಬಡಿಯೂದು, ಅರಿವಿ, ಭಾಂಡಿ..." ಎಂದು ತಮ್ಮಷ್ಟಕ್ಕೆ ಗೊಣಗಿ, "ಶಮ್ಶೂ, ಇದರ ಮ್ಯಾಲ ಹೆಂಗ ನಿಂದರತಿ?" ಎಂದರು.

ಶಮ್ಶುನ್ನೀಸಾ ಬಾಗಿಲ ಮರೆಯಿಂದ, "ಎಲ್ಲಾರೂ ಹಂಗ ನನ್ನ ನೋಡಬ್ಯಾಡ್ರಿ, ನನಗ ನಾಚಿಕಿ ಆಗತೈತಿ," ಎಂದಳು.

ಅಮೀನಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೂ ನಮ್ಮತ್ತಿ ಕೈಯಾಗ ಹಿಂಗ ಉಂಡೆ. ಅದಕ್ಕ ಇದ ಸರಿ ಅಂತ ತಿಳದಿದ್ದೆ."

ಮರುದಿನ ದಸ್ತಗೀರಸಾಬರು ತಾಟಿನ ಮುಂದೆ ಕುಳಿತು ಕೈ ಹಾಕಲಿಲ್ಲ. "ಅಕಿ ಬರ್ಲಿ," ಎಂದರು. ಶಮ್ಶುನ್ನೀಸಾ "ರೊಟ್ಟಿ ಯಾರ ಬಡೀತಾರ, ನೀವ ಬಡಿತೀರೇನು?" ಎಂದಳು. ಮಶಾಕ ಒಲೆಯ ಮುಂದೆ ಕುಳಿತು ಒಂದು ರೊಟ್ಟಿ ಬಡಿದ. ಅದನ್ನು ಎಮ್ಮೆ ಕೂಡ ಮೂಸಿ ಬಿಟ್ಟಿತು. ಕೊನೆಗೆ ಎಲ್ಲ ರೊಟ್ಟಿ ಮಾಡಿ ಮುಗಿಸಿ ಆಮೇಲೆ ಕೂಡಿ ಕೂರುವುದು ಎಂದಾಯಿತು. ಬಿಸಿ ರೊಟ್ಟಿಯ ಸುಖ ಹೋಯಿತೆಂದು ಮಶಾಕ ಎರಡು ದಿನ ಮುಖ ಊದಿಸಿಕೊಂಡ. ಶಮ್ಶುನ್ನೀಸಾ ಕೂತರೂ ಹಕ್ಕಿಯ ಹಾಗೆ ಎರಡು ಚೂರು ಮುರಿದು ಏಳುತ್ತಿದ್ದಳು. ಹಳೆಯ ರೂಢಿ ಒಂದೇ ದಿನಕ್ಕೆ ಬಿಡುವುದಿಲ್ಲ.

ಸಾಬೀರಾ ಮತ್ತೆ ಯಂಕಂಚಿಗೆ ಹೋದಳು. ನೀಲವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

"ತೂಗೀಯೇನು?"

"ತೂಗೇನ್ರಿ. ನಮ್ಮ ದಾದಿ ಒಂದ ಹಿಡಿ ತಗದು ಬದಿಗಿಡಂದ್ಲು. ಅದನ್ನ ತೂಗಂಗಿಲ್ಲ."

ನೀಲವ್ವ ಯೋಚಿಸಿದಳು. ಜಂಗಮರಿಗೆಂದು ಹಿಡಿ ಹಿಟ್ಟು ಅವಳೂ ತೆಗೆಯುತ್ತಿದ್ದಳು. "ನಿಮ್ಮವ್ವಂದು ಎಷ್ಟ ಬಂತು?"

ಸಾಬೀರಾ ಅಂಗೈ ತೋರಿಸಿದಳು. ನೀಲವ್ವ ನಕ್ಕಳೋ ನಿಟ್ಟುಸಿರು ಬಿಟ್ಟಳೋ ತಿಳಿಯಲಿಲ್ಲ. "ಬಾ ಒಳಗ," ಎಂದಳು. ಅವಳೇ ನೆರೆಮನೆಗೆ ಹೇಳಿದಳು, ನೆರೆಮನೆಯವಳು ತವರಿಗೆ ಹೇಳಿದಳು. ಹಿಡಿ ಹಿಟ್ಟಿನ ಸುದ್ದಿ ಸಾಬೀರಾಗಿಂತ ಮುಂಚೆಯೇ ಊರೂರು ಮುಟ್ಟತೊಡಗಿತು. ಸಾಲೋಟಗಿಯವರು ಈ ಸಲ ಹೋಳಿಗೆ ಮಾಡಲಿಲ್ಲ. ಮನೆಗಳು ಹೆಚ್ಚಾದಂತೆ ಸಾಬೀರಾ ಓಣಿಗೊಬ್ಬ ಲೆಕ್ಕ ಬಲ್ಲ ಸೊಸೆಯನ್ನು ಹುಡುಕಿ ತೂಗುವುದು ಕಲಿಸಿದಳು. ಲಾಲಬಿ ಕೂಡ ಮುಳ್ಳು ನೋಡುವುದು ಕಲಿತಳು.

ಬಸವ ಜಯಂತಿಯ ಮರುದಿನ ರಾಯರು ಬಂದು ಅಂಕಿಗಳ ಮೇಲೆ ಕಣ್ಣಾಡಿಸಿದರು. ಹುಬ್ಬು ಗಂಟಿಕ್ಕಿದವು.

"ಸಾಬೀರಾ ಅವರ, ಮನಿ ಅಗದೀ ಛಲೋ ಮಾಡೀರಿ. ಆದರ ಈ ಹೆಂಗಸರ ಅಂಕಿ... ಎಲ್ಲೋ ತಪ್ಪ್ಯಾದ. ಹೊಲಮನಿ ಮಾಡೂ ಹೆಣಮಕ್ಕಳು ಇಷ್ಟರ ಮ್ಯಾಲ ಬದುಕೂದು ಸಾಧ್ಯ ಇಲ್ಲ. ಗೋವಿಂದನ ಮುದ್ದೇಬಿಹಾಳದಾಗ ಗಂಡಸರು ಹೆಂಗಸರು ಸರಿಸಮ ಬಂದದ. ಇವನ್ನ ಬಿಟ್ಟು ಉಳಿದದ್ದು ತಗೋಬೇಕಾಗ್ತದ. ಮತ್ತ ತಪ್ಪು ಲೆಕ್ಕದ ಮ್ಯಾಲ ನೌಕರಿ ಕಾಯಂ ಮಾಡ್ರಿ ಅಂತ ನಾ ಹ್ಯಾಂಗ ಬರೀಲಿ?"

"ತಕ್ಕಡಿ ನಾ ನೋಡೇನ್ರಿ," ಎಂದು ದಸ್ತಗೀರಸಾಬರು ನಡುವೆ ಬಾಯಿ ಹಾಕಿದರು. "ಮೂವತ್ತ ವರ್ಷ ಇದ ಕಸಬು. ಮುಳ್ಳು ಕೂದಲೆಳಿಯಷ್ಟೂ ಹೊರಳಿಲ್ಲ."

"ನಿಮ್ಮ ಮಾತಿಗೆ ಇಲ್ಲ ಅನ್ನೂದಿಲ್ಲ ಸಾಹೇಬರ. ಆದರ ಈ ಒಂದು ಹಿಡಿ ತೂಗಿಲ್ಲ ಅಂತ ಬರದಾರ. ಅಲ್ಲೇ ತಪ್ಪ್ಯಾದೇನೋ."

"ಅದು ಉಂಡದ್ದಲ್ಲ ಸರ್, ಕೊಟ್ಟದ್ದು," ಎಂದಳು ಸಾಬೀರಾ. "ಮನ್ಯಾಗಿನವರ ಹೊಟ್ಟಿಗೆ ಹೋಗಲಾರದ್ದು ನಮ್ಮ ಲೆಕ್ಕಕ್ಕ ಬ್ಯಾಡ."

ರಾಯರು ಒಪ್ಪಲಿಲ್ಲ, ಕಾಗದ ಮಡಚತೊಡಗಿದರು. ಆಗ ಪರದೆಯ ಆಚೆಯಿಂದ ಅಮೀನಾಬಿಯ ದನಿ ಬಂತು.

"ರಾಯರ, ಒಂದ ಮಾತ ಕೇಳಲ್ರೀ? ನಿಮ್ಮ ಮನ್ಯಾಗ ತೂಗೀರೇನು?"

ಪ್ರಹ್ಲಾದರಾಯರು ಟೋಪಿ ಇಟ್ಟುಕೊಂಡು ಎದ್ದರು.

"ತಕ್ಕಡಿ ಒಂದೀಟು ಕೊಡ್ರಿ," ಎಂದರು.

ಎರಡು ವಾರ ಸುದ್ದಿಯಿಲ್ಲ. ಸಾಬೀರಾ ಹೊತ್ತು ಹೊತ್ತಿಗೆ ಬಾಗಿಲಿಗೆ ಹೋಗಿ ನಿಂತಳು. ಮಶಾಕ ಮಾತ್ರ, "ತಕ್ಕಡೀನೂ ಹೋತು, ನೌಕರೀನೂ ಹೋತು," ಎಂದು ಅಜ್ಜಿಯ ಕೈಯಿಂದ ಹೊಡೆತ ತಿಂದ.

ರಾಯರು ತಾವೇ ಬಂದರು, ತಕ್ಕಡಿಯನ್ನು ಎದೆಗವಚಿಕೊಂಡು. ಕುಳಿತವರೇ ಸಾಬೀರಾಳ ಕಡೆ ನೋಡದೆ ಪರದೆಯ ಕಡೆ ತಿರುಗಿದರು.

"ಅಮ್ಮಾ, ತೂಗಿದೆ. ನಮ್ಮ ತಾಯಿ ಭಾಗೀರಥೀಬಾಯಿ ಮಡಿ ಅಂತ ಗದ್ದಲ ಮಾಡಿದಳು. ತಕ್ಕಡಿಗೂ ಸ್ನಾನ ಆತು, ನನಗೂ ಆತು. ಒದ್ದಿ ಪಂಚಿ ಉಟಗೊಂಡು ಎಂಟು ದಿನ ತೂಗೀನಿ. ನೀವು ಹೇಳಿಧಾಂಗ ಒಂದು ಹಿಡಿ ತಗದಿಟ್ಟ ಮ್ಯಾಲೇ ಒಪ್ಪಿದಳು." ಕನ್ನಡಕ ತೆಗೆದು ಒರೆಸಿದರು. "ನಮ್ಮ ಮನಿಯಾಕಿ ತುಳಸೀಬಾಯಿ ಅಂಕಿ ನಿಮ್ಮ ಯಂಕಂಚಿ ಅಂಕಿಗಿಂತ ಕಡಿಮಿ ಬಂತು. ನಮ್ಮ ತಾಯೀದು ಅದಕ್ಕಿಂತ ಕಡಿಮಿ. ನಾ ಇಪ್ಪತ್ತು ವರ್ಷ ಇದನ್ನೇ ಕಲಸ್ಲಿಕ್ಕೆ ಹತ್ತೀನಿ."

ಆಮೇಲೆ ಸಾಬೀರಾಳ ಕಡೆ ತಿರುಗಿದರು. "ನಿಮ್ಮ ಅಂಕಿ ಒಂದೂ ಬಿಡೂದಿಲ್ಲ. ನೌಕರಿ ಕಾಯಂ ಆತು. ಬಾಗೇವಾಡಿ ಅಷ್ಟ ಅಲ್ಲ, ಮುದ್ದೇಬಿಹಾಳನೂ ಮೊದಲಿಂದ ನೀವೇ ಮಾಡಬೇಕು. ಗೋವಿಂದನ ನಿಮ್ಮ ಕೈಕೆಳಗ ಹಾಕೀನಿ. ಅವಗ ತೂಗೂದು ಕಲಸ್ರಿ."

"ಮದಲ ಅವರ ಮನ್ಯಾಗ ತೂಗಿ ಬರಲಿ ಅನ್ರಿ," ಎಂದಳು ಸಾಬೀರಾ. ರಾಯರು ಹೊಟ್ಟೆ ಹಿಡಿದು ನಕ್ಕರು.

ಸುದ್ದಿ ಪೇಟೆಗೆ ಹೋಗಲು ಡಂಗುರ ಬೇಕಾಗಲಿಲ್ಲ, ಮಶಾಕ ಇದ್ದ. "ನಮ್ಮ ಸಾಬೀರಾ ನಾಕ ತಾಲೂಕಿನ ಸಾಹೇಬಳು" ಎಂದು ಬಂದ ಗಿರಾಕಿಗಳಿಗೆಲ್ಲ ಫೇಡೆ ಹಂಚಿದ. ದಸ್ತಗೀರಸಾಬರು ಮಗಳ ತಲೆಯ ಮೇಲೆ ಕೈಯಿಟ್ಟು, ಅವಳ ತಕ್ಕಡಿಗೆ ಹೊಸ ದಾರ ಕಟ್ಟಿಕೊಟ್ಟರು.

ಅವಳು ಮುದ್ದೇಬಿಹಾಳಕ್ಕೆ ಹೊರಡುವ ದಿನ ಎಲ್ಲರೂ ಕೂಡಿ ಕುಳಿತರು. ಮಟನ್, ರೊಟ್ಟಿ, ಗೋಧಿ ಹುಗ್ಗಿ. ತಕ್ಕಡಿಯನ್ನು ಆಗಲೇ ಚೀಲದಲ್ಲಿ ಕಟ್ಟಿಟ್ಟಿದ್ದಳು. ಅಮೀನಾಬಿ ತೂಗದ ಹಿಡಿ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ಚೀಲದಲ್ಲಿ ತುರುಕಿದರು. ಶಮ್ಶುನ್ನೀಸಾ ಕೊನೆಗೆ ಬಂದು ಕುಳಿತಳು. ತನ್ನ ತಾಟಿಗೆ ತಾನೇ ಒಂದು ರೊಟ್ಟಿ ಹಾಕಿಕೊಂಡಳು. ಇನ್ನೊಂದು ಹಾಕಿಕೊಂಡಳು. ಮತ್ತೊಂದು. ಪಕ್ಕದಲ್ಲಿ ಮಟನ್, ಎಲುಬಲ್ಲ, ಖಂಡ. ಮೇಲೆ ಹುಗ್ಗಿಯ ಬಟ್ಟಲು. ಮಶಾಕ ಕಣ್ಣರಳಿಸಿ ನೋಡಿದ, ಅಜ್ಜಿ ಅವನ ತೊಡೆ ಚಿವುಟಿದರು.

ಶಮ್ಶುನ್ನೀಸಾ ತಾಟನ್ನು ಮಗಳ ಮುಂದೆ ತಳ್ಳಿದಳು.

"ಬಿಚ್ಚು ಆ ಚೀಲ," ಎಂದಳು. "ಇವತ್ತ ನಂದು ಮದಲ ತೂಗು."

ಸಾಬೀರಾ ತಕ್ಕಡಿ ಎತ್ತಿ ಹಿಡಿದಳು. ತಾಟಿಟ್ಟ ಕಡೆ ಅದು ಠಣ್ಣೆಂದು ನೆಲಕ್ಕೆ ಬಡಿಯಿತು.